ಮನೆಯ ಮುಸಲ್ಲಾ, ಮಸೀದಿಯ ಸಫ್

(ಶಾಬಾನ್ ತಿಂಗಳ ಜುಮಾ ಪ್ರವಚನದ ಸಾರಾಂಶ)

 



ಕಳೆದ ವಾರ ಇಶಾ ನಮಾಝಿನ ನಂತರ ನಮ್ಮ ಮೊಹಲ್ಲಾದ ಏಳೆಂಟು ಹುಡುಗರು ನನ್ನ ಬಳಿ ಬಂದು ಕುಳಿತರು. "ಹಜ್ರತ್, ಈ ಸಲ ಶಬೇ ಬರಾತಿಗೆ ಸಲಾತುತ್ತಸ್ಬೀಹನ್ನು ಜಮಾಅತಾಗಿ ಮಾಡೋಣ. ರಮಝಾನಿನ ಕೊನೆಯ ಹತ್ತು ರಾತ್ರಿ ಎರಡು ಗಂಟೆಗೆ ತಹಜ್ಜುದ್ ಜಮಾಅತೂ ಆಗಲಿ. ಹೊರಗಿನಿಂದ ಒಬ್ಬ ಹಾಫಿಝ್ ಸಾಹೇಬರನ್ನು ಕರೆಸುತ್ತೇವೆ. ಖರ್ಚು ನಮ್ಮದು. ವಾಟ್ಸಾಪಿನಲ್ಲಿ ಎಲ್ಲರಿಗೂ ತಿಳಿಸುತ್ತೇವೆ" ಎಂದರು. ಅದಾದ ಎರಡು ದಿನಕ್ಕೆ ಹರಿಹರದಿಂದಲೂ ಇದೇ ಪ್ರಶ್ನೆ ಫೋನಿನಲ್ಲಿ ಬಂತು. ಅಲ್ಲಿ ಒಂದು ಮಸೀದಿಯ ಕಮಿಟಿಯಲ್ಲಿ ಈ ವಿಷಯಕ್ಕೆ ಎರಡು ಪಂಗಡವೇ ಆಗಿದೆಯಂತೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡುವುದಕ್ಕಿಂತ ಮಿಂಬರಿನ ಮೇಲಿಂದಲೇ ಹೇಳುವುದು ಒಳ್ಳೆಯದು ಎನಿಸಿತು.

ಮೊದಲಿಗೆ ಆ ಹುಡುಗರಿಗೆ ಅಲ್ಲಾಹನು ಬರಕತ್ ಕೊಡಲಿ. ರಾತ್ರಿ ಎರಡು ಗಂಟೆಗೆ ಚಹಾದ ಅಂಗಡಿ ಹುಡುಕುವ ವಯಸ್ಸಿನಲ್ಲಿ ಅವರು ನಮಾಝ್ ಕೇಳುತ್ತಿದ್ದಾರೆ. ಆದ್ದರಿಂದ ಅವರಿಗೆ "ಬೇಡ" ಎಂದು ಒಂದೇ ಮಾತಿನಲ್ಲಿ ಹೇಳಿ ಕಳಿಸುವುದು ನ್ಯಾಯವಲ್ಲ. ದೀನ್ ಏನು ಹೇಳುತ್ತದೆ, ಏಕೆ ಹೇಳುತ್ತದೆ ಎಂದು ತಿಳಿಸಬೇಕು.

ಸಹೋದರರೇ, ಫರ್ಝ್ ನಮಾಝಿನ ವಿಷಯದಲ್ಲಿ ಯಾವ ಗೊಂದಲವೂ ಇಲ್ಲ. ಅದು ಕರೆದು, ಸೇರಿ, ಭುಜಕ್ಕೆ ಭುಜ ತಾಗಿಸಿ ಮಾಡುವ ಇಬಾದತ್. ಅಝಾನ್ ಇರುವುದೇ ಅದಕ್ಕಾಗಿ. ಒಂಟಿಯಾಗಿ ಮಾಡಿದ್ದಕ್ಕಿಂತ ಜಮಾಅತಿನಲ್ಲಿ ಮಾಡಿದ್ದಕ್ಕೆ 27 ಪಟ್ಟು ಪುಣ್ಯವಿದೆಯೆಂದು ಬುಖಾರಿ, ಮುಸ್ಲಿಮ್‌ನ ಹದೀಸಿನಲ್ಲಿದೆ. ಕರೆದುಕೊಂಡು ಬರಲು ಯಾರೂ ಇಲ್ಲದ ಒಬ್ಬ ಕುರುಡ ಸಹಾಬಿ ಮನೆಯಲ್ಲೇ ನಮಾಝ್ ಮಾಡಲು ಅನುಮತಿ ಕೇಳಿದಾಗ, ಅಝಾನ್ ಕೇಳಿಸುತ್ತದೆಯೇ ಎಂದು ಪ್ರವಾದಿವರ್ಯರು(ಸ) ವಿಚಾರಿಸಿದರು. ಕೇಳಿಸುತ್ತದೆ ಎಂದಾಗ, ಹಾಗಾದರೆ ಬರಬೇಕು ಎಂದರು. ಫರ್ಝಿಗೆ ಅಷ್ಟು ಬಿಗಿ.

ಅದೇ ಪ್ರವಾದಿವರ್ಯರು(ಸ) ನಫಿಲಿನ ವಿಷಯಕ್ಕೆ ಬಂದಾಗ ನಡೆದುಕೊಂಡ ರೀತಿ ನೋಡಿ. ಹಝ್ರತ್ ಝೈದ್ ಬಿನ್ ಸಾಬಿತ್(ರ) ವರದಿ ಮಾಡುತ್ತಾರೆ. ರಮಝಾನಿನಲ್ಲಿ ಪ್ರವಾದಿವರ್ಯರು(ಸ) ಮಸೀದಿಯಲ್ಲಿ ಚಾಪೆಯನ್ನು ಮರೆಮಾಡಿ ಒಂದು ಸಣ್ಣ ಜಾಗ ಮಾಡಿಕೊಂಡು ರಾತ್ರಿ ನಮಾಝ್ ಮಾಡುತ್ತಿದ್ದರು. ಜನರಿಗೆ ಗೊತ್ತಾಯಿತು, ಹಿಂದೆ ಬಂದು ನಿಂತರು. ಮರುರಾತ್ರಿ ಇನ್ನಷ್ಟು ಜನ. ಕೆಲವು ರಾತ್ರಿಗಳ ನಂತರ ಅವರು ಹೊರಗೆ ಬರಲಿಲ್ಲ. ಜನ ಗಂಟಲು ಸರಿಪಡಿಸಿಕೊಂಡರು, ಧ್ವನಿ ಏರಿಸಿದರು, ಬಾಗಿಲಿಗೆ ಸಣ್ಣ ಕಲ್ಲನ್ನೂ ಎಸೆದರು. ಆಗ ಅವರು ಕೋಪದಿಂದಲೇ ಹೊರಬಂದರು. ಇದು ನಿಮ್ಮ ಮೇಲೆ ಫರ್ಝ್ ಆಗಿಬಿಡುತ್ತದೆಯೇನೋ ಎಂಬ ಭಯವಾಯಿತು, ನೀವು ನಿಮ್ಮ ಮನೆಗಳಲ್ಲಿ ನಮಾಝ್ ಮಾಡಿ, ಫರ್ಝ್ ಬಿಟ್ಟರೆ ಮನುಷ್ಯನ ಅತ್ಯುತ್ತಮ ನಮಾಝ್ ಅವನ ಮನೆಯಲ್ಲಿ ಮಾಡುವಂಥದ್ದು ಎಂಬ ಅರ್ಥದ ಮಾತು ಹೇಳಿದರು.

ಯೋಚಿಸಿ. ಅದು ಮಸ್ಜಿದುನ್ನಬವಿ. ಅಲ್ಲಿಯ ಒಂದು ನಮಾಝಿಗೆ ಮಸ್ಜಿದುಲ್ ಹರಾಮ್ ಹೊರತುಪಡಿಸಿ ಬೇರೆ ಮಸೀದಿಗಳ ಸಾವಿರ ನಮಾಝಿಗಿಂತ ಹೆಚ್ಚಿನ ಸ್ಥಾನವಿದೆ. ಇಮಾಮರಾಗಿ ನಿಂತವರು ಸ್ವತಃ ಅಲ್ಲಾಹನ ರಸೂಲರು(ಸ). ಹಿಂದೆ ನಿಂತವರು ಸಹಾಬಿಗಳು. ತಿಂಗಳು ರಮಝಾನ್. ಇಷ್ಟೆಲ್ಲ ಇದ್ದೂ ನಫಿಲಿಗೆ ಮನೆಗೆ ಹೋಗಿ ಎಂದರು. ಅಬೂದಾವೂದಿನ ವರದಿಯಲ್ಲಿ, ನನ್ನ ಈ ಮಸೀದಿಗಿಂತಲೂ ಮನೆಯೇ ಉತ್ತಮ ಎಂಬಷ್ಟು ಸ್ಪಷ್ಟವಾಗಿ ಬಂದಿದೆ. ಮನೆಗಳನ್ನು ಕಬರುಗಳನ್ನಾಗಿ ಮಾಡಬೇಡಿ ಎಂದೂ ಬೇರೆ ಹದೀಸಿನಲ್ಲಿ ಹೇಳಿದ್ದಾರೆ. ನಮಾಝಿಲ್ಲದ ಮನೆ ಕಬರಿನಂತೆ ಎಂದರ್ಥ.

ಹಾಗಾದರೆ ಅವರು ನಫಿಲನ್ನು ಯಾರೊಡನೆಯೂ ಸೇರಿ ಮಾಡಲೇ ಇಲ್ಲವೇ? ಮಾಡಿದ್ದಾರೆ. ಹಝ್ರತ್ ಇಬ್ನ್ ಅಬ್ಬಾಸ್(ರ) ಬಾಲಕನಾಗಿದ್ದಾಗ ಚಿಕ್ಕಮ್ಮ ಹಝ್ರತ್ ಮೈಮೂನಾ(ರ)ರ ಮನೆಯಲ್ಲಿ ಒಂದು ರಾತ್ರಿ ತಂಗಿದ್ದರು. ರಾತ್ರಿ ಪ್ರವಾದಿವರ್ಯರು(ಸ) ಎದ್ದು ವುಝೂ ಮಾಡಿ ನಿಂತರು. ಹುಡುಗನೂ ಎದ್ದು ವುಝೂ ಮಾಡಿ ಎಡಗಡೆ ಹೋಗಿ ನಿಂತ. ಅವನನ್ನು ಹಿಡಿದು ಬಲಗಡೆಗೆ ತಂದು ನಿಲ್ಲಿಸಿಕೊಂಡರು. ಹಝ್ರತ್ ಅನಸ್(ರ)ರ ಅಜ್ಜಿ ಮುಲೈಕಾ(ರ) ಊಟಕ್ಕೆ ಕರೆದಿದ್ದರು. ಊಟವಾದ ಮೇಲೆ, ಬಳಸಿ ಬಳಸಿ ಕಪ್ಪಾಗಿದ್ದ ಒಂದು ಚಾಪೆಗೆ ಅನಸ್(ರ) ನೀರು ಚಿಮುಕಿಸಿ ಹಾಸಿದರು. ಮುಂದೆ ಪ್ರವಾದಿವರ್ಯರು(ಸ), ಹಿಂದೆ ಅನಸ್ ಮತ್ತು ಒಬ್ಬ ಅನಾಥ ಹುಡುಗ, ಅವರ ಹಿಂದೆ ಅಜ್ಜಿ. ಎರಡು ರಕಅತ್. ಹಝ್ರತ್ ಇತ್ಬಾನ್ ಬಿನ್ ಮಾಲಿಕ್(ರ)ರ ಕಣ್ಣಿನ ದೃಷ್ಟಿ ಮಂದವಾಗಿತ್ತು. ಮಳೆ ಬಂದರೆ ಅವರ ಮನೆಗೂ ಮಸೀದಿಗೂ ನಡುವಿನ ಹಳ್ಳ ತುಂಬಿ ಹರಿಯುತ್ತಿತ್ತು. ತಮ್ಮ ಮನೆಯಲ್ಲಿ ಒಂದು ಜಾಗದಲ್ಲಿ ನಮಾಝ್ ಮಾಡಿಕೊಡಿ, ಅದನ್ನೇ ನಾನು ನಮಾಝಿನ ಜಾಗ ಮಾಡಿಕೊಳ್ಳುತ್ತೇನೆ ಎಂದು ಕೇಳಿಕೊಂಡರು. ಪ್ರವಾದಿವರ್ಯರು(ಸ) ಹಝ್ರತ್ ಅಬೂಬಕ್ಕರ್(ರ)ರೊಂದಿಗೆ ಹೊತ್ತೇರಿದ ಮೇಲೆ ಬಂದರು. ಕುಳಿತುಕೊಳ್ಳುವ ಮೊದಲೇ ಎಲ್ಲಿ ಮಾಡಲಿ ಎಂದು ಕೇಳಿ ಎರಡು ರಕಅತ್ ಮಾಡಿಸಿದರು. ಆಮೇಲೆ ಮಾಂಸ ಮತ್ತು ಹಿಟ್ಟಿನಿಂದ ಮಾಡಿದ ಖಝೀರಾ ತಿನ್ನಲೆಂದು ಮನೆಯವರು ಅವರನ್ನು ಹೋಗಗೊಡಲಿಲ್ಲ.

ಈ ಮೂರೂ ಘಟನೆಗಳಲ್ಲಿ ನನಗೆ ಕಾಣುವುದು ಇಷ್ಟು. ಮೂರೂ ನಡೆದದ್ದು ಮನೆಯೊಳಗೆ. ಒಬ್ಬ ಬಾಲಕ, ಒಬ್ಬ ಅಜ್ಜಿ, ಒಬ್ಬ ಕಣ್ಣು ಮಂದವಾದ ಮನುಷ್ಯ. ನಮಾಝಿಗೆ ಬನ್ನಿ ಎಂದು ಊರಿಗೆ ಸಾರಿದ್ದಿಲ್ಲ, ಪ್ರತಿವಾರ ಇಂಥ ದಿನ ಎಂದು ನಿಗದಿ ಮಾಡಿದ್ದೂ ಇಲ್ಲ.

ನಮ್ಮ ಹನಫೀ ಫುಖಹಾಗಳು ಈ ಎರಡೂ ಬಗೆಯ ಹದೀಸುಗಳನ್ನು ಮುಂದಿಟ್ಟುಕೊಂಡು 'ತದಾಈ' ಎಂಬ ಒಂದು ಪದ ಬಳಸಿದ್ದಾರೆ. ಪರಸ್ಪರ ಕರೆಯುವುದು, ಕರೆದು ಸೇರಿಸುವುದು ಎಂದು ಅರ್ಥ. ಹಾಗೆ ಕರೆದು ಸೇರಿಸಿ ನಫಿಲನ್ನು ಜಮಾಅತಾಗಿ ಮಾಡುವುದು ಮಕ್ರೂಹ್. ಇಮಾಮನ ಹಿಂದೆ ಒಬ್ಬರೋ ಇಬ್ಬರೋ ನಿಂತರೆ ಅಡ್ಡಿಯಿಲ್ಲ. ಮೂವರಾದರೆ ವಿದ್ವಾಂಸರಲ್ಲಿ ಎರಡು ಅಭಿಪ್ರಾಯ. ನಾಲ್ವರಾದರೆ ಮಕ್ರೂಹ್. ಸಂಖ್ಯೆ ಇಟ್ಟದ್ದು ಸುಮ್ಮನೆ ಎಣಿಸುವುದಕ್ಕಲ್ಲ. ಮನೆಯ ಇಬಾದತ್ ಎಲ್ಲಿ ಮುಗಿದು ಸಭೆ ಎಲ್ಲಿ ಶುರುವಾಗುತ್ತದೆ ಎಂಬ ಗೆರೆ ಅದು.

ಇಲ್ಲಿ ಒಂದು ಮಾತು. ಮಂಗಳೂರು, ಭಟ್ಕಳ ಕಡೆಯ ನಮ್ಮ ಸಹೋದರರಲ್ಲಿ ಹೆಚ್ಚಿನವರು ಶಾಫಿಈಗಳು. ಅವರ ಮಝ್‌ಹಬಿನಲ್ಲಿ ಸಾಮಾನ್ಯ ನಫಿಲನ್ನು ಜಮಾಅತಾಗಿ ಮಾಡಿದರೆ ಅದು ಸುನ್ನತ್ ಅಲ್ಲದಿದ್ದರೂ ಮಕ್ರೂಹ್ ಅಲ್ಲ. ರಮಝಾನಿನ ಕೊನೆಯ ಹತ್ತರಲ್ಲಿ ಮಕ್ಕಾದ ಹರಮ್‌ನಿಂದ ರಾತ್ರಿಯ ಜಮಾಅತನ್ನು ಟಿವಿಯಲ್ಲಿ ನೀವು ನೋಡುತ್ತೀರಿ. ಅಲ್ಲಿಯ ಉಲಮಾಗಳಿಗೂ ಪುರಾವೆಯಿದೆ. ಇಮಾಮನು ಮುಗಿಸುವವರೆಗೆ ಅವನ ಜೊತೆ ನಿಂತವನಿಗೆ ಇಡೀ ರಾತ್ರಿಯ ಪುಣ್ಯವಿದೆ ಎಂಬ ತಿರ್ಮಿಝಿಯ ಹದೀಸನ್ನು ಅವರು ಹೇಳುತ್ತಾರೆ. ಕೆಲಸಕ್ಕೆಂದು ಆ ಊರುಗಳಿಗೆ ಹೋದ ನಮ್ಮ ಹುಡುಗರು ಅಲ್ಲಿ ನಿಂತರೆ ಜಗಳ ಮಾಡಬೇಡಿ. ಅಲ್ಲಿಂದ ಬಂದವರು ಇಲ್ಲಿ ಜಗಳ ತರಲೂಬೇಡಿ. ಮಕ್ರೂಹ್ ಎಂಬ ಒಂದು ಪದಕ್ಕಾಗಿ ಹರಿಹರದ ಕಮಿಟಿಯಲ್ಲಿ ಅಣ್ಣತಮ್ಮಂದಿರು ಸಲಾಮ್ ಬಿಡುವುದಾದರೆ, ಅದು ಮಕ್ರೂಹ್ ಅಲ್ಲ, ಹರಾಮ್.

"ಹಾಗಾದರೆ ತರಾವೀಹ್ ಏನು ಹಜ್ರತ್?" ಎಂದು ಆ ಹುಡುಗರಲ್ಲೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ತರಾವೀಹನ್ನು ಪ್ರವಾದಿವರ್ಯರು(ಸ) ಕೆಲವು ರಾತ್ರಿ ಜಮಾಅತಾಗಿ ಮಾಡಿಸಿ, ಫರ್ಝ್ ಆದೀತೆಂಬ ಭಯದಿಂದ ನಿಲ್ಲಿಸಿದ್ದರು. ಅವರ ನಂತರ ವಹೀ ನಿಂತಿತು, ಆ ಭಯವೂ ಹೋಯಿತು. ಹಝ್ರತ್ ಉಮರ್(ರ) ಒಂದು ರಾತ್ರಿ ಮಸೀದಿಗೆ ಬಂದಾಗ ಒಬ್ಬ ಇಲ್ಲಿ, ನಾಲ್ಕು ಜನ ಅಲ್ಲಿ ಎಂದು ಚದುರಿ ನಮಾಝ್ ಮಾಡುತ್ತಿರುವುದನ್ನು ಕಂಡು, ಹಝ್ರತ್ ಉಬೈ ಬಿನ್ ಕಅಬ್(ರ)ರ ಹಿಂದೆ ಎಲ್ಲರನ್ನೂ ಒಂದುಗೂಡಿಸಿದರು. ಸಹಾಬಿಗಳು ಒಪ್ಪಿದರು, ಉಮ್ಮತ್ ಒಪ್ಪಿತು. ಆದರೆ ಅದೇ ವರದಿಯ ಕೊನೆಯ ಭಾಗವನ್ನು ನಾವು ಓದುವುದೇ ಕಡಿಮೆ. ಜನ ಸಾಲಾಗಿ ನಿಂತದ್ದನ್ನು ಮೆಚ್ಚಿದ ಉಮರ್(ರ), ಇವರು ಈಗ ಮಾಡುತ್ತಿರುವುದಕ್ಕಿಂತ ನಿದ್ದೆಯಲ್ಲಿ ಕಳೆಯುವ ರಾತ್ರಿಯ ಕೊನೆಯ ಭಾಗವೇ ಶ್ರೇಷ್ಠ ಎಂದೂ ಹೇಳಿದರು. ರಾತ್ರಿಯ ಮೊದಲ ಭಾಗಕ್ಕೆ ಅವರು ಇಮಾಮನನ್ನು ನೇಮಿಸಿದರು. ಕೊನೆಯ ಭಾಗಕ್ಕೆ ನೇಮಿಸಲಿಲ್ಲ. ಅದನ್ನು ದಾಸ ಮತ್ತು ಅವನ ಒಡೆಯನ ನಡುವೆಯೇ ಬಿಟ್ಟರು.

ಸೂರ್ಯಗ್ರಹಣದ ನಮಾಝೂ ಜಮಾಅತಿನದೇ. 2019ರ ಡಿಸೆಂಬರ್ 26ರ ಬೆಳಿಗ್ಗೆ ಗ್ರಹಣವಾದದ್ದು ಹಿರಿಯರಿಗೆ ನೆನಪಿರಬಹುದು. ಆದರೆ ಚಂದ್ರಗ್ರಹಣಕ್ಕೆ, 2025ರ ಸೆಪ್ಟೆಂಬರ್ 7ರ ರಾತ್ರಿ ಆಯಿತಲ್ಲ, ಅಂಥದ್ದಕ್ಕೆ ಹನಫೀ ಫಿಕ್ಹಿನಲ್ಲಿ ಜಮಾಅತ್ ಇಲ್ಲ, ಅವರವರ ಮನೆಯಲ್ಲಿ ಒಬ್ಬೊಬ್ಬರೇ. ಕಾರಣ ಕೇಳಿದರೆ ಫುಖಹಾಗಳು, ರಾತ್ರಿ ಹೊತ್ತು ಜನರನ್ನು ಸೇರಿಸುವುದು ಕಷ್ಟ ಎನ್ನುತ್ತಾರೆ. ಜನರ ನಿದ್ದೆ, ಜನರ ಕಷ್ಟ, ಇದನ್ನೂ ಶರೀಅತ್ ಲೆಕ್ಕಕ್ಕೆ ತೆಗೆದುಕೊಂಡಿದೆ. 2023ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿದ್ದಾಗ ಮಳೆಯ ನಮಾಝಿನ ಮಾತು ಬಂದಿತ್ತು. ಅದರಲ್ಲೂ ಇಮಾಮ್ ಅಬೂಹನೀಫಾ(ರಹ) ದುಆ ಮತ್ತು ಇಸ್ತಿಗ್ಫಾರಿಗೆ ಒತ್ತು ಕೊಟ್ಟರೆ, ಅವರ ಇಬ್ಬರು ಶಿಷ್ಯರು ಜಮಾಅತಾಗಿ ಮಾಡಬೇಕೆಂದರು. ಬರ ಇಡೀ ಊರಿನ ಸಂಕಟ, ಅದಕ್ಕೆ ಇಡೀ ಊರು ನಿಲ್ಲುವುದು ಸಹಜ. ಆದರೆ ನಿನ್ನ ಪಾಪ ನಿನ್ನ ಸಂಕಟ, ನಿನ್ನ ಕಣ್ಣೀರು ನಿನ್ನದು.

ಸಲಾತುತ್ತಸ್ಬೀಹಿನ ಒಂದು ವ್ಯಾವಹಾರಿಕ ತೊಡಕನ್ನೂ ಹೇಳಿಬಿಡುತ್ತೇನೆ. ಒಂದು ರಕಅತಿಗೆ 75 ತಸ್ಬೀಹ್, ನಾಲ್ಕು ರಕಅತಿಗೆ 300. ರುಕೂವಿನಲ್ಲಿ ಹತ್ತು, ಎದ್ದು ನಿಂತು ಹತ್ತು, ಸಜ್ದಾದಲ್ಲಿ ಹತ್ತು, ಹೀಗೆ. ಎಲ್ಲವೂ ಮೆಲ್ಲಗೆ, ಮನಸ್ಸಿಟ್ಟು. ಇಮಾಮ್ ಬೇಗ ಹೇಳುವವನಾದರೆ ಹಿಂದಿನ ಸಾಲಿನ ಮುದುಕರಿಗೆ ಆರಾಗುವಷ್ಟರಲ್ಲಿ ಅವನ ಹತ್ತಾಗಿರುತ್ತದೆ. ಅವರು ಎಣಿಕೆ ಬಿಟ್ಟು ಅವನ ಹಿಂದೆ ಓಡಬೇಕು. ಈ ನಮಾಝಿನ ಸ್ವಭಾವವೇ ಒಂಟಿಯದು.

ಈಗ ಹುಡುಗರ ನಿಜವಾದ ವಾದಕ್ಕೆ ಬರೋಣ. ಅವರಲ್ಲೊಬ್ಬ ಕಣ್ಣು ತಗ್ಗಿಸಿ ಹೇಳಿದ: "ಹಜ್ರತ್, ಒಬ್ಬನೇ ಆದರೆ ನಾನು ಏಳೋದೇ ಇಲ್ಲ. ಎದ್ದರೂ ಎರಡು ಸಣ್ಣ ಸೂರಾ ಬಿಟ್ಟರೆ ನನಗೆ ಬರೋದಿಲ್ಲ. ಎಲ್ಲರೂ ಸೇರಿದರೆ ಆ ಹತ್ತು ರಾತ್ರಿಯಾದರೂ ನಿಲ್ಲುತ್ತೇನೆ." ಈ ಮಾತನ್ನು ಯಾವ ಫಿಕ್ಹ್ ಪುಸ್ತಕವನ್ನು ಎತ್ತಿಯೂ ತಳ್ಳಿಹಾಕಲಾಗದು. ಅವನು ಹೇಳಿದ್ದು ಅರ್ಧ ಮೊಹಲ್ಲಾದ ಮಾತು.

ಅವನಿಗೆ ನನ್ನ ಉತ್ತರ ಹೀಗೆ. ಬೇಟಾ, ಎದ್ದು ನಿಲ್ಲಲು ಗುಂಪು ಬೇಕು ಎನ್ನುವುದು ನಿಜ. ಆ ಗುಂಪನ್ನು ಅಲ್ಲಾಹನು ನಿನಗೆ ದಿನಕ್ಕೆ ಐದು ಸಲ ಕೊಟ್ಟಿದ್ದಾನೆ. ಶಬೇ ಬರಾತಿನ ರಾತ್ರಿ ನಮ್ಮ ಮಸೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಚಪ್ಪಲಿ ರಸ್ತೆಯವರೆಗೆ ಬಂದಿರುತ್ತವೆ. ಅದೇ ರಾತ್ರಿ ಕಳೆದು ಫಜ್ರ್ ಅಝಾನಾದಾಗ ಎಷ್ಟು ಸಫ್ ಇರುತ್ತದೆ? ನಾನು ಮುಸಲ್ಲಾದ ಮೇಲೆ ನಿಂತು ತಿರುಗಿ ನೋಡುವವನು, ನನಗೆ ಗೊತ್ತು. ಮುಅತ್ತಾದಲ್ಲಿ ಒಂದು ವರದಿಯಿದೆ. ಒಂದು ದಿನ ಫಜ್ರಿನಲ್ಲಿ ಸುಲೈಮಾನ್ ಬಿನ್ ಅಬೀ ಹಸ್ಮಾ ಕಾಣಲಿಲ್ಲ. ಹಝ್ರತ್ ಉಮರ್(ರ) ಬಜಾರಿಗೆ ಹೋಗುವ ದಾರಿಯಲ್ಲಿ ಅವರ ತಾಯಿ ಶಿಫಾ(ರ)ರನ್ನು ಕೇಳಿದರು. ರಾತ್ರಿಯಿಡೀ ನಮಾಝ್ ಮಾಡುತ್ತಿದ್ದ, ಕೊನೆಗೆ ಕಣ್ಣು ಹತ್ತಿಬಿಟ್ಟಿತು ಎಂದರು ತಾಯಿ. ರಾತ್ರಿಯಿಡೀ ನಿಲ್ಲುವುದಕ್ಕಿಂತ ಫಜ್ರ್ ಜಮಾಅತಿಗೆ ಹಾಜರಾಗುವುದೇ ನನಗೆ ಹೆಚ್ಚು ಇಷ್ಟ ಎಂದರು ಉಮರ್(ರ).

ಮುಸ್ಲಿಮ್‌ನಲ್ಲಿ ಹಝ್ರತ್ ಉಸ್ಮಾನ್(ರ)ರ ವರದಿಯಿದೆ. ಇಶಾವನ್ನು ಜಮಾಅತಿನಲ್ಲಿ ಮಾಡಿದವನು ಅರ್ಧ ರಾತ್ರಿ ನಿಂತವನಂತೆ, ಫಜ್ರನ್ನೂ ಜಮಾಅತಿನಲ್ಲಿ ಮಾಡಿದವನು ಇಡೀ ರಾತ್ರಿ ನಿಂತವನಂತೆ ಎಂಬುದು ಅದರ ತಾತ್ಪರ್ಯ. ನಮ್ಮ ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವವರನ್ನು ನೆನೆಸಿಕೊಳ್ಳಿ. ಹಗಲೆಲ್ಲ ಬೆಂಕಿಯ ಮುಂದೆ, ಕಾದ ಮರಳಿನಲ್ಲಿ ಅಕ್ಕಿ ಹುರಿಯುವ ಹೊಗೆಯಲ್ಲಿ. ಹರಿಹರದಲ್ಲಿ ಹೊಳೆ ದಾಟಿ ಕುಮಾರಪಟ್ಟಣದ ಕಾರ್ಖಾನೆಗೆ ಪಾಳಿ ಕೆಲಸಕ್ಕೆ ಹೋಗುವವರಿದ್ದಾರೆ. ರಾತ್ರಿ ಎರಡಕ್ಕೆ ಜಮಾಅತ್ ಎಂದು ಸಾರಿದರೆ ಇವರು ಬರಲಾರರು. ಬಾರದಿದ್ದುದಕ್ಕೆ ತಾವೇನೋ ಕಡಿಮೆಯವರು ಎಂದು ಮನಸ್ಸಿನಲ್ಲಿ ನೋಯುತ್ತಾರೆ. ಹತ್ತು ವರ್ಷ ನಡೆದರೆ, ಆ ಜಮಾಅತಿಗೆ ಬಾರದವನು ಸರಿಯಾದ ಮುಸಲ್ಮಾನನಲ್ಲ ಎಂದು ಬೇರೆಯವರೂ ಮಾತಾಡತೊಡಗುತ್ತಾರೆ. ಪ್ರವಾದಿವರ್ಯರು(ಸ) ಬಾಗಿಲು ಹಾಕಿಕೊಂಡದ್ದು ಇಂಥ ಹೊರೆ ಉಮ್ಮತಿನ ಹೆಗಲೇರದಿರಲಿ ಎಂದೇ.

ಮನೆಯಲ್ಲಿ ಆಗುವುದಿಲ್ಲ ಎನ್ನುವವರಿಗೆ 2020ನ್ನು ನೆನಪಿಸುತ್ತೇನೆ. ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತು. ಮಸೀದಿಯ ಬಾಗಿಲು ಸಾರ್ವಜನಿಕರಿಗೆ ಮುಚ್ಚಿತು. ಆ ವರ್ಷ ಶಬೇ ಬರಾತೂ ಮನೆಯಲ್ಲಿ, ಏಪ್ರಿಲ್ ಕೊನೆಗೆ ಶುರುವಾದ ರಮಝಾನೂ ಮನೆಯಲ್ಲಿ, ಈದೂ ಮನೆಯಲ್ಲಿ. ಮೇ ತಿಂಗಳಲ್ಲಿ ನಮ್ಮ ಬಾಷಾ ನಗರ, ಜಾಲಿ ನಗರದ ರಸ್ತೆಗಳಿಗೆ ಬ್ಯಾರಿಕೇಡ್ ಬಿದ್ದು ಹಾಲಿಗೂ ಹೊರಗೆ ಹೋಗಲಾಗದ ದಿನಗಳು ಬಂದವು. ಆಗ ಏನಾಯಿತು? ಅದುವರೆಗೆ ತರಾವೀಹಿನಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಪಂಖದ ಗಾಳಿ ನೋಡಿಕೊಳ್ಳುತ್ತಿದ್ದ ಅಪ್ಪಂದಿರು ಮನೆಯಲ್ಲಿ ಇಮಾಮರಾದರು. ಅಲಮ್ ತರದಿಂದ ನಾಸ್‌ವರೆಗಿನ ಹತ್ತು ಸೂರಾಗಳನ್ನು ಬಾಯಿಪಾಠ ಮಾಡಿಕೊಂಡರು. ಹಿಫ್ಝ್ ಓದುವ ಹುಡುಗನ ಹಿಂದೆ ಅವನ ತಂದೆ, ಅವರ ಹಿಂದೆ ತಾಯಿ, ಅಜ್ಜಿ, ತಂಗಿ. ಎಷ್ಟೋ ವರ್ಷಗಳಿಂದ ಒಬ್ಬರೇ ಮೂಲೆಯಲ್ಲಿ ಇಪ್ಪತ್ತು ರಕಅತ್ ಮುಗಿಸುತ್ತಿದ್ದ ಹೆಂಗಸರು ಮೊದಲ ಬಾರಿಗೆ ತಮ್ಮ ಮಗನ ಬಾಯಿಂದ ಕುರ್‌ಆನ್ ಕೇಳಿದರು. ಹೀಗೆ ಹೇಳಿ ಅತ್ತ ತಾಯಂದಿರ ಮಾತನ್ನು ಅವರ ಮಕ್ಕಳೇ ನನಗೆ ತಿಳಿಸಿದ್ದಾರೆ.

ಜೂನ್ 8ರಂದು ಪ್ರಾರ್ಥನಾ ಸ್ಥಳಗಳು ತೆರೆದವು. ನಾವು ಮಸೀದಿಗೆ ಓಡಿಬಂದೆವು, ಬರಬೇಕಾದದ್ದೇ. ಆದರೆ ಫರ್ಝಿನ ಜೊತೆ ಸುನ್ನತ್, ನಫಿಲ್ ಎಲ್ಲವನ್ನೂ ಎತ್ತಿಕೊಂಡು ಬಂದೆವು. ಮನೆಯ ಮುಸಲ್ಲಾ ಮಡಚಿ ಬೀರುವಿನ ಮೇಲೆ ಹೋಯಿತು. ಇಂದು ನಮ್ಮ ಎಷ್ಟೋ ಮಕ್ಕಳು ತಮ್ಮ ತಂದೆ ಸಜ್ದಾ ಮಾಡುವುದನ್ನು ನೋಡಿಯೇ ಇಲ್ಲ. ತಂದೆ ಐದು ಹೊತ್ತಿನ ನಮಾಝಿ, ಆದರೆ ಎಲ್ಲವೂ ಮಸೀದಿಯಲ್ಲಿ. ಮಗು ಕಾಣುವುದು ಮೊಬೈಲ್ ಹಿಡಿದ ತಂದೆಯನ್ನು. ತಹಜ್ಜುದ್‌ಗೂ ತಂದೆಯನ್ನು ಮಸೀದಿಗೆ ಕರೆದುಬಿಟ್ಟರೆ ಮನೆಗೆ ಉಳಿಯುವುದೇನು?

ಮೈಕಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಪ್ರವಾದಿವರ್ಯರು(ಸ) ಇಅತಿಕಾಫಿನಲ್ಲಿದ್ದಾಗ ಜನ ಗಟ್ಟಿಯಾಗಿ ಕುರ್‌ಆನ್ ಓದುವುದು ಕೇಳಿ ಪರದೆ ಸರಿಸಿ, ನಿಮ್ಮಲ್ಲಿ ಪ್ರತಿಯೊಬ್ಬನೂ ತನ್ನ ಒಡೆಯನೊಡನೆ ಮಾತಾಡುತ್ತಿದ್ದಾನೆ, ಒಬ್ಬರು ಇನ್ನೊಬ್ಬರಿಗೆ ತೊಂದರೆ ಕೊಡಬೇಡಿ ಎಂಬಂತೆ ಎಚ್ಚರಿಸಿದರು. ಅದು ಮಸೀದಿಯೊಳಗೆ, ಮೈಕಿಲ್ಲದೆ, ಕುರ್‌ಆನೇ ಓದುತ್ತಿದ್ದವರಿಗೆ. ನಮ್ಮ ಮಸೀದಿಯ ಸುತ್ತ ರೋಗಿಗಳಿದ್ದಾರೆ, ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ, ಬೇರೆ ಧರ್ಮದ ನೆರೆಯವರಿದ್ದಾರೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳಲ್ಲೇ ನಿರ್ಬಂಧವಿದೆ. ಕಾನೂನು ಇರದಿದ್ದರೂ ನೆರೆಯವನ ಹಕ್ಕು ನಮ್ಮ ಮೇಲಿತ್ತು.

ಇನ್ನು ಆ ರಾತ್ರಿಗಳ ವಿಡಿಯೋ, ಸ್ಟೇಟಸ್. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತೆ ದಾನ ಮಾಡಿದವನಿಗೂ, ಒಂಟಿಯಾಗಿ ಅಲ್ಲಾಹನನ್ನು ನೆನೆದು ಕಣ್ಣು ತುಂಬಿದವನಿಗೂ ಕಿಯಾಮತಿನ ದಿನ ಅರ್ಶಿನ ನೆರಳಿದೆ. ಸ್ಟೇಟಸ್ ಹಾಕಿದವನಿಗೆ ಎಷ್ಟು ಜನ ನೋಡಿದರು ಎಂಬ ಸಂಖ್ಯೆ ಸಿಗುತ್ತದೆ. ಅಷ್ಟೇ.

ಕಮಿಟಿಯವರೊಡನೆ ಮಾತಾಡಿ ನಾವು ತೀರ್ಮಾನಿಸಿದ್ದು ಹೀಗೆ. ಶಬೇ ಬರಾತ್‌ನಲ್ಲೂ ರಮಝಾನಿನ ಕೊನೆಯ ಹತ್ತು ರಾತ್ರಿಗಳಲ್ಲೂ ಮಸೀದಿ ರಾತ್ರಿಯಿಡೀ ತೆರೆದಿರುತ್ತದೆ. ಮನೆ ಚಿಕ್ಕದು, ಒಂದೇ ಕೋಣೆ, ಜಾಗವಿಲ್ಲ ಎನ್ನುವವರು ಬಂದು ಅವರವರ ನಮಾಝ್ ಮಾಡಿಕೊಳ್ಳಬಹುದು. ಜಮಾಅತ್ ಸಾರುವುದಿಲ್ಲ, ಮೈಕ್ ಹಾಕುವುದಿಲ್ಲ. ಸಲಾತುತ್ತಸ್ಬೀಹಿನ ವಿಧಾನವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೂ ಉರ್ದುವಿನಲ್ಲೂ ಬರೆದು ಇಟ್ಟಿದ್ದೇವೆ, ಮನೆಯ ಹೆಂಗಸರಿಗೂ ಒಯ್ಯಿರಿ. ಸೂರಾ ಬಾರದವರಿಗೆ ಇವತ್ತಿನಿಂದ ದಿನವೂ ಅಸರ್ ನಂತರ ಹದಿನೈದು ನಿಮಿಷ ನಾನೇ ಕಲಿಸುತ್ತೇನೆ. ವಯಸ್ಸಾಗಿದೆ ಎಂದು ಯಾರೂ ನಾಚಬೇಡಿ. ಬರುವವರೆಗೂ, ಬರುವ ಎರಡು ಸೂರಾಗಳನ್ನೇ ತಿರುತಿರುಗಿ ಓದಿದರೂ ತಹಜ್ಜುದ್ ತಹಜ್ಜುದೇ. ಮನೆಯಲ್ಲಿ ಮಗನನ್ನೋ ಹೆಂಡತಿಯನ್ನೋ ಪಕ್ಕದಲ್ಲಿ, ಹಿಂದೆ ನಿಲ್ಲಿಸಿಕೊಂಡು ಎರಡು ರಕಅತ್ ಮಾಡಿ.

ಹೊರಗಿನ ಹಾಫಿಝರಿಗೆಂದು ಹುಡುಗರು ಕೂಡಿಸಲು ಹೊರಟಿದ್ದ ಹಣದಲ್ಲಿ ಮೊಹಲ್ಲಾದ ವಿಧವೆಯರ ಮನೆಗಳಿಗೆ ಸಹರಿಯ ಸಾಮಾನು ಹೋಗುತ್ತದೆ, ಹೆಸರು ಹೇಳದೆ. ಹುಡುಗರು ಒಪ್ಪಿದ್ದಾರೆ. ಅವರ ಹುಮ್ಮಸ್ಸಿಗೆ ನಾನು ಇನ್ನೊಂದು ಕೆಲಸವನ್ನೂ ಕೊಟ್ಟಿದ್ದೇನೆ. ರಾತ್ರಿ ಎರಡಕ್ಕೆ ಅಲ್ಲ, ಫಜ್ರ್ ಅಝಾನಾದ ಮೇಲೆ ಇಬ್ಬಿಬ್ಬರಾಗಿ ಗಲ್ಲಿಗಳಲ್ಲಿ ನಡೆದು, ತಮ್ಮನ್ನು ಎಬ್ಬಿಸಿ ಎಂದು ಹೆಸರು ಕೊಟ್ಟವರ ಬಾಗಿಲನ್ನು ಮಾತ್ರ ಮೆಲ್ಲಗೆ ತಟ್ಟುವುದು. ಹೆಸರು ಬರೆಸುವವರಿಗೆ ವುಝೂಖಾನೆಯ ಪಕ್ಕದಲ್ಲಿ ಪುಸ್ತಕ ಇಟ್ಟಿದೆ. ನಿನ್ನೆ ಇಶಾವರೆಗೆ ಹನ್ನೊಂದು ಹೆಸರು ಬಂದಿದ್ದವು, ಮೊದಲನೆಯದು ಕಣ್ಣು ತಗ್ಗಿಸಿ ಮಾತಾಡಿದ ಆ ಹುಡುಗನದೇ.